ಮಗಳು ಬಾಸ್ಕೆಟ್‌ಬಾಲನ್ನೇ ಬದುಕಾಗಿಸಿಕೊಳ್ಳುತ್ತೇನೆ ಅಂದರೆ: ರೈಲ್ವೆ ಕೆಲಸ, ಅಮೆರಿಕದ ಕಾಲೇಜು, ಹೊರದೇಶದ ಕ್ಲಬ್‌ಗಳಲ್ಲಿ ಯಾವುದು ಮೊದಲು?

ಹೋದ ತಿಂಗಳು ಬೆಳಗಿನ ಅಭ್ಯಾಸ ಮುಗಿದು ಮಕ್ಕಳೆಲ್ಲ ಚೀಲ ಹೆಗಲಿಗೇರಿಸಿಕೊಂಡು ಹೊರಟ ಮೇಲೂ ಒಬ್ಬ ತಾಯಿ ಕೋರ್ಟಿನ ಪಕ್ಕದ ಕಟ್ಟೆಯ ಮೇಲೆ ಕೂತೇ ಇದ್ದರು. ಮಗಳು ಈಗ ಹತ್ತನೇ ತರಗತಿ, ಐದಡಿ ಹತ್ತಿಂಚು ಎತ್ತರ, ಎರಡೂ ಕೈಯಲ್ಲಿ ಚೆಂಡು ಆಡಿಸಬಲ್ಲಳು. "ಮೇಡಂ, ನಮ್ಮೆಜಮಾನ್ರು ರೈಲ್ವೆ ಅಂತಾರೆ. ಇವಳು ಅಮೆರಿಕ ಅಂತಾಳೆ. ಇವಳ ಸೋದರಮಾವ ಆಸ್ಟ್ರೇಲಿಯಾದಲ್ಲಿದಾನೆ, ಅಲ್ಲಿಗೆ ಕಳ್ಸಿ ಅಂತಾನೆ. ಯಾವುದು ಒಳ್ಳೇದು, ನೀವೇ ಹೇಳಿ," ಅಂದರು. ಆ ಹೊತ್ತಿಗೆ ಅರ್ಧ ಉತ್ತರ ಕೊಟ್ಟು ಕಳಿಸಿದೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಹಿಡಿದುಕೊಂಡು ಬೆಂಗಳೂರು, ಮೈಸೂರು, ಮಂಡ್ಯ, ಧಾರವಾಡಗಳ ಕೋರ್ಟುಗಳ ಪಕ್ಕ ಇನ್ನೂ ಎಷ್ಟೋ ತಂದೆತಾಯಂದಿರು ಕೂತಿರುತ್ತಾರೆ.

ಮೊದಲೇ ಒಂದು ಮಾತು. "ಯಾವುದು ಒಳ್ಳೇದು" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಬಾಗಿಲು ಮೊದಲು ಮುಚ್ಚುತ್ತದೆ ಎಂದು ಕೇಳಬೇಕು. ಅಮೆರಿಕದ ಕಾಲೇಜಿನ ಬಾಗಿಲು ಪಿಯುಸಿ ಮುಗಿದ ವರ್ಷದಿಂದಲೇ ಮುಚ್ಚತೊಡಗುತ್ತದೆ. ರೈಲ್ವೆಯ ಸ್ಪೋರ್ಟ್ಸ್ ಕೋಟಾದ ಬಾಗಿಲು 18ಕ್ಕೆ ತೆರೆದು 25ಕ್ಕೆ ಮುಚ್ಚುತ್ತದೆ. ಹೊರದೇಶದ ಕ್ಲಬ್ಬುಗಳು ಇಪ್ಪತ್ತೆಂಟು ವರ್ಷದವಳನ್ನೂ ಕರೆಯುತ್ತವೆ, ಆಟ ಇದ್ದರೆ ಸಾಕು. ಈ ಅನುಕ್ರಮ ಗೊತ್ತಿಲ್ಲದೆ ಕೊನೆಗೆ ಮುಚ್ಚುವ ಬಾಗಿಲಿನ ಮುಂದೆ ಮೊದಲು ನಿಂತವರನ್ನು ನಾನು ತುಂಬಾ ಕಂಡಿದ್ದೇನೆ.

ಅಮೆರಿಕದ ಕಾಲೇಜು

ಅಮೆರಿಕದಲ್ಲಿ ಕಾಲೇಜು ಕ್ರೀಡೆಯನ್ನು ನಡೆಸುವ ದೊಡ್ಡ ಸಂಸ್ಥೆ ಎನ್‌ಸಿಎಎ. ಅದರ ಮೊದಲ ದರ್ಜೆಯಲ್ಲೇ, ಅಂದರೆ ಡಿವಿಷನ್ ಒನ್‌ನಲ್ಲೇ, ಮುನ್ನೂರೈವತ್ತಕ್ಕೂ ಹೆಚ್ಚು ಮಹಿಳಾ ಬಾಸ್ಕೆಟ್‌ಬಾಲ್ ತಂಡಗಳಿವೆ. ಪೂರ್ಣ ವಿದ್ಯಾರ್ಥಿವೇತನ ಸಿಕ್ಕರೆ ಕಾಲೇಜು ಶುಲ್ಕ, ವಸತಿ, ಊಟ, ಪುಸ್ತಕ ಎಲ್ಲವೂ ಅದರಲ್ಲೇ ಬರುತ್ತದೆ. ಎರಡನೇ ದರ್ಜೆಯಲ್ಲಿ ಸಾಮಾನ್ಯವಾಗಿ ಖರ್ಚಿನ ಒಂದು ಪಾಲನ್ನು ಮಾತ್ರ ಕೊಡುತ್ತಾರೆ. ಮೂರನೇ ದರ್ಜೆಯಲ್ಲಿ ಆಟಕ್ಕೆಂದು ಹಣವೇ ಇಲ್ಲ. ಏಜೆಂಟರೆಂದು ಹೇಳಿಕೊಂಡು ಬರುವವರು "ಅಮೆರಿಕದ ಕಾಲೇಜಲ್ಲಿ ಸೀಟು ಕೊಡಿಸ್ತೀವಿ" ಎಂದಾಗ ಎಷ್ಟನೇ ದರ್ಜೆ, ಎಷ್ಟು ಪಾಲು, ಎಷ್ಟು ವರ್ಷಕ್ಕೆ ಎಂದು ಮೂರು ಪ್ರಶ್ನೆ ಕೇಳಿ. ಇವಕ್ಕೆ ನೇರ ಉತ್ತರ ಬರದಿದ್ದರೆ ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಇದು ಕನಸಿನ ಮಾತಲ್ಲ ಎನ್ನುವುದಕ್ಕೆ ನಮ್ಮೂರಿನ ಹುಡುಗಿಯೇ ಸಾಕ್ಷಿ. ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕದ ಪುರುಷರ ವೃತ್ತಿಪರ ಲೀಗಾದ ಎನ್‌ಬಿಎಯ ಅಕಾಡೆಮಿಯ ಮಹಿಳಾ ಶಿಬಿರಗಳಲ್ಲಿ ಪಳಗಿ, ಅರಿಜೋನಾದ ಫ್ಲಾಗ್‌ಸ್ಟಾಫ್‌ನಲ್ಲಿರುವ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಮೊದಲ ದರ್ಜೆಯ ತಂಡಕ್ಕೆ ಆಡಿದರು. ಪಂಜಾಬಿನ ಹರ್‌ಸಿಮ್ರನ್ ಕೌರ್ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿದ್ದ ಎನ್‌ಬಿಎ ಗ್ಲೋಬಲ್ ಅಕಾಡೆಮಿಯಲ್ಲಿ ತರಬೇತಿ ಪಡೆದು ಯೂನಿವರ್ಸಿಟಿ ಆಫ್ ಸ್ಯಾನ್ ಡಿಯೇಗೊ ಸೇರಿದರು. ದಾರಿ ಇದೆ. ಕಿರಿದಾಗಿದೆ, ಆದರೆ ನಡೆದವರ ಹೆಜ್ಜೆ ಕಾಣುವಷ್ಟು ಸ್ಪಷ್ಟವಾಗಿದೆ.

ಈ ದಾರಿಯಲ್ಲಿ ನಮ್ಮ ಮಕ್ಕಳು ಎಡವುವುದು ಆಟದಲ್ಲಿ ಕಡಿಮೆ, ಕಾಗದಪತ್ರದಲ್ಲಿ ಹೆಚ್ಚು. ಅರ್ಹತೆ ನೋಡುವವರು ಒಂಬತ್ತನೇ ತರಗತಿಯಿಂದ ಅಂಕಪಟ್ಟಿ ಕೇಳುತ್ತಾರೆ. ಗಣಿತ, ವಿಜ್ಞಾನ, ಇಂಗ್ಲಿಷ್, ಸಮಾಜದಂಥ ಮೂಲ ವಿಷಯಗಳ 16 ಕೋರ್ಸುಗಳು ಬೇಕು. ಅವುಗಳ ಸರಾಸರಿ ಮೊದಲ ದರ್ಜೆಗೆ ನಾಲ್ಕಕ್ಕೆ 2.3ರಷ್ಟಾದರೂ ಇರಬೇಕು. ನಮ್ಮಲ್ಲಿ ಒಂಬತ್ತನೇ ತರಗತಿಯ ಅಂಕಪಟ್ಟಿಯನ್ನು ಜೋಪಾನ ಮಾಡುವ ಮನೆ ಎಷ್ಟಿವೆ? ಎಸ್‌ಎಸ್‌ಎಲ್‌ಸಿ ಬಂದ ಮೇಲೆ ಅದಕ್ಕೆ ಬೆಲೆಯೇ ಇಲ್ಲವೆಂದು ಎಸೆದುಬಿಡುತ್ತೇವೆ. ಎರಡನೆಯದು, ಪಿಯುಸಿಯ ಆಯ್ಕೆ. ನೀಟ್ ಅಥವಾ ಜೆಇಇ ತರಬೇತಿ ಸೇರಿಸಿಕೊಂಡ ಕಾಲೇಜಿಗೆ ಹಾಕಿದರೆ ಬೆಳಗ್ಗೆ ಏಳರಿಂದ ಸಂಜೆ ಆರರವರೆಗೆ ಮಗು ಬೆಂಚಿನ ಮೇಲಿರುತ್ತದೆ. ಆ ಎರಡು ವರ್ಷವೇ ಅಮೆರಿಕದ ತರಬೇತುದಾರರು ಆಟಗಾರ್ತಿಯನ್ನು ನೋಡಿ ನಿರ್ಧರಿಸುವ ವರ್ಷಗಳು. ಮೂರನೆಯದು, ಪಿಯುಸಿ ಆದ ಮೇಲೆ "ಒಂದೆರಡು ವರ್ಷ ಕ್ಲಬ್ಬಲ್ಲಿ ಆಡಿ ಆಮೇಲೆ ಅರ್ಜಿ ಹಾಕೋಣ" ಎಂಬ ಯೋಚನೆ. ಹಾಗೆ ತಡಮಾಡಿದರೆ ಆಡಲು ಸಿಗುವ ಋತುಗಳು ಕಡಿತವಾಗಬಹುದು. ಆಟಕ್ಕೆ ಸಂಬಳ ಪಡೆದಿದ್ದರೆ ಅರ್ಹತೆಗೇ ಪ್ರಶ್ನೆ ಬರಬಹುದು. ಈ ನಿಯಮಗಳು ಈಚೆಗೆ ಬೇಗ ಬೇಗ ಬದಲಾಗುತ್ತಿವೆ. ಆದ್ದರಿಂದ ಯಾರೋ ಮೂರು ವರ್ಷದ ಹಿಂದೆ ಹೇಳಿದ್ದನ್ನು ನಂಬದೆ ಎನ್‌ಸಿಎಎಯ ಅರ್ಹತಾ ಕೇಂದ್ರದ ಈ ವರ್ಷದ ಪುಟವನ್ನೇ ಓದಿ.

ಹಣದ ವಿಷಯದಲ್ಲೂ ಒಂದು ಭ್ರಮೆಯಿದೆ. 2021ರ ಜುಲೈಯಿಂದ ಅಲ್ಲಿನ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಗಳಿಸಬಹುದು. 2025-26ರಿಂದ ಕಾಲೇಜುಗಳೇ ಆದಾಯದಲ್ಲಿ ಪಾಲು ಕೊಡಬಹುದು. ಅಲ್ಲಿನ ತಾರೆ ಕೇಟ್ಲಿನ್ ಕ್ಲಾರ್ಕ್ ಅಯೋವಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ ದೊಡ್ಡ ಕಂಪನಿಗಳ ಮುಖವಾಗಿದ್ದು ಹೀಗೆಯೇ. ಆದರೆ ಭಾರತದಿಂದ ವಿದ್ಯಾರ್ಥಿ ವೀಸಾದಲ್ಲಿ ಹೋದವಳಿಗೆ ಅಲ್ಲಿ ದುಡಿದು ಗಳಿಸುವುದಕ್ಕೆ ಬಿಗಿಯಾದ ನಿರ್ಬಂಧಗಳಿವೆ. ಜೊತೆಯವಳು ಜಾಹೀರಾತಿನ ಹಣ ಎಣಿಸುವಾಗ ಇವಳು ವಿದ್ಯಾರ್ಥಿವೇತನದಲ್ಲೇ ತೃಪ್ತಿಪಡಬೇಕಾದೀತು. ಅದನ್ನು ತಿಳಿದೇ ಹೋಗಬೇಕು.

ಹಾಗಿದ್ದರೂ ನನ್ನ ಒಲವು ಈ ದಾರಿಯ ಕಡೆಗಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಕಾರಣ ಡಬ್ಲ್ಯೂಎನ್‌ಬಿಎ, ಅಂದರೆ ಅಲ್ಲಿನ ಮಹಿಳೆಯರ ವೃತ್ತಿಪರ ಲೀಗ್, ಅಲ್ಲ. ನಾಲ್ಕು ವರ್ಷ ಒಳ್ಳೆಯ ತರಬೇತಿ, ವರ್ಷಕ್ಕೆ ಮೂವತ್ತರ ಆಸುಪಾಸು ಗಟ್ಟಿ ಪಂದ್ಯಗಳು, ನೋವಾದರೆ ಕೈಯಳತೆಯಲ್ಲಿ ವೈದ್ಯರು, ಕೊನೆಗೆ ಕೈಯಲ್ಲೊಂದು ಪದವಿ. ಆಟ ನಿಂತರೂ ಹುಡುಗಿ ಬರಿಗೈಯಲ್ಲಿ ನಿಲ್ಲುವುದಿಲ್ಲ.

ಡಬ್ಲ್ಯೂಎನ್‌ಬಿಎ ಎಂಬ ತುತ್ತತುದಿ

ಎಲ್ಲ ಹುಡುಗಿಯರ ಗೋಡೆಯ ಮೇಲೂ ಇರುವುದು ಈ ಲೀಗಿನ ಚಿತ್ರವೇ. ಆದ್ದರಿಂದ ಇದರ ಲೆಕ್ಕ ಚೆನ್ನಾಗಿ ತಿಳಿದಿರಲಿ. 1997ರ ಜೂನ್ 21ರಂದು ಮೊದಲ ಪಂದ್ಯ ನಡೆದಾಗ ಎಂಟೇ ತಂಡಗಳು. ಬಹಳ ವರ್ಷ 12 ತಂಡಗಳಲ್ಲೇ ನಿಂತಿತ್ತು. ತಂಡಕ್ಕೆ ಹನ್ನೆರಡು ಜನ, ಹಾಗಾಗಿ ಇಡೀ ಜಗತ್ತಿನ ಹೆಣ್ಣುಮಕ್ಕಳಿಗೆ ಸೇರಿ ಅಲ್ಲಿ ಇದ್ದದ್ದು 144 ಜಾಗ. 2025ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಸ್ಟೇಟ್ ವಾಲ್ಕರೀಸ್ ಹದಿಮೂರನೆಯ ತಂಡವಾಗಿ ಬಂತು. 2026ಕ್ಕೆ ಟೊರೊಂಟೊ ಮತ್ತು ಪೋರ್ಟ್‌ಲ್ಯಾಂಡ್. ಕ್ಲೀವ್‌ಲ್ಯಾಂಡ್, ಡೆಟ್ರಾಯ್ಟ್, ಫಿಲಡೆಲ್ಫಿಯಾಗಳಿಗೆ 2028ರಿಂದ 2030ರವರೆಗೆ ಒಂದೊಂದಾಗಿ ತಂಡ ಕೊಡುವುದಾಗಿ ಘೋಷಣೆಯಾಗಿದೆ. ಈಗ ಹತ್ತು ವರ್ಷದ ಮಗುವಿಗೆ ಇದು ನಿಜವಾದ ವ್ಯತ್ಯಾಸ. ಅವಳು ಬೆಳೆದು ನಿಲ್ಲುವ ಹೊತ್ತಿಗೆ 18 ತಂಡ, ಇನ್ನೂರಕ್ಕೂ ಹೆಚ್ಚು ಜಾಗಗಳಿರುತ್ತವೆ.

ಅಲ್ಲಿ ನಿಂತು ಉಳಿಯುವುದು ಮಾತ್ರ ಬಲು ಕಷ್ಟ. ಕ್ರಿಸ್ಟಲ್ ಡೇಂಜರ್‌ಫೀಲ್ಡ್ ಎಂಬ ಐದಡಿ ಐದಿಂಚಿನ ಗಾರ್ಡ್ (ಚೆಂಡು ನಡೆಸಿ ಆಟ ಕಟ್ಟುವವಳು) 2020ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರ್ತಿಯರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ, ಎರಡನೇ ಸುತ್ತಿನಲ್ಲಿ ಆಯ್ಕೆಯಾಗಿ ಆ ವರ್ಷದ ಅತ್ಯುತ್ತಮ ಹೊಸಬಳೆಂಬ ಪ್ರಶಸ್ತಿ ಗೆದ್ದಳು. ಎರಡೇ ವರ್ಷಕ್ಕೆ, 2022ರ ಮೇ ತಿಂಗಳಲ್ಲಿ, ಅದೇ ಮಿನೆಸೋಟ ತಂಡ ಅವಳನ್ನು ಕೈಬಿಟ್ಟಿತು. ಇನ್ನೊಂದು ತುದಿಯಲ್ಲಿ ಬೆಕಿ ಹ್ಯಾಮನ್. 1999ರ ಡ್ರಾಫ್ಟಿನಲ್ಲಿ ಅವರ ಹೆಸರನ್ನು ಯಾರೂ ಕರೆಯಲಿಲ್ಲ. ತರಬೇತಿ ಶಿಬಿರಕ್ಕೆ ಹೋಗಿ ಜಾಗ ಗಿಟ್ಟಿಸಿ ಲೀಗಿನ ದೊಡ್ಡ ಹೆಸರಾದರು. ಆಮೇಲೆ ತರಬೇತುದಾರರಾಗಿ ಲಾಸ್ ವೇಗಸ್ ಏಸಸ್ ತಂಡಕ್ಕೆ 2022, 2023, 2025ರಲ್ಲಿ ಕಿರೀಟ ತಂದರು. ಡ್ರಾಫ್ಟ್ ದಿನದ ಚಪ್ಪಾಳೆಗೂ ಬಾಳಿಕೆಗೂ ನೇರ ಸಂಬಂಧ ಇಲ್ಲ.

ಸಂಬಳ: 2024ರಲ್ಲಿ ಮೊದಲನೆಯವಳಾಗಿ ಆಯ್ಕೆಯಾದ ಕೇಟ್ಲಿನ್ ಕ್ಲಾರ್ಕ್‌ಗೆ ಲೀಗ್ ಕೊಟ್ಟದ್ದು 76,535 ಡಾಲರ್. 2025ರಲ್ಲಿ ಕನಿಷ್ಠ ಸಂಬಳ 66,079 ಡಾಲರ್, ಅಂದರೆ ಸುಮಾರು 56 ಲಕ್ಷ ರೂಪಾಯಿ. ಗರಿಷ್ಠ 2,49,244 ಡಾಲರ್. 2026ರಿಂದ 11 ವರ್ಷಕ್ಕೆ ಸುಮಾರು 220 ಕೋಟಿ ಡಾಲರಿನ ಟಿವಿ ಒಪ್ಪಂದ ಇರುವುದರಿಂದ ಮೊತ್ತಗಳು ಏರುವ ಕಾಲ ಇದು. ನೀವು ಓದುವ ಹಳೆಯ ಪಟ್ಟಿಗಳನ್ನು ಆ ಎಚ್ಚರದಲ್ಲೇ ನೋಡಿ.

ನಮ್ಮವರಿಗೆ ಬಹಳ ಮಂದಿಗೆ ಗೊತ್ತಿಲ್ಲದ ಒಂದು ನಿಯಮ ಇಲ್ಲಿದೆ. ಅಮೆರಿಕದ ಹೊರಗೆ ಹುಟ್ಟಿ, ಹೊರಗೇ ವಾಸಿಸುತ್ತಾ, ಅಲ್ಲಿನ ಕಾಲೇಜಿನಲ್ಲಿ ಆಡದ ಹುಡುಗಿ 20 ತುಂಬುವ ವರ್ಷವೇ ಡ್ರಾಫ್ಟಿಗೆ ಅರ್ಹಳು. ಅಮೆರಿಕದ ಕಾಲೇಜಿಗೆ ಹೋದವಳು ಸಾಮಾನ್ಯವಾಗಿ 22 ತುಂಬುವ ವರ್ಷದವರೆಗೆ ಕಾಯಬೇಕು. ಆಸ್ಟ್ರೇಲಿಯಾದ ಲಾರೆನ್ ಜಾಕ್ಸನ್ 2001ರಲ್ಲಿ ಮೊದಲನೆಯವರಾಗಿ, ಫ್ರಾನ್ಸಿನ ಡೊಮಿನಿಕ್ ಮಲೊಂಗಾ 2025ರಲ್ಲಿ ಎರಡನೆಯವಳಾಗಿ ಆಯ್ಕೆಯಾದದ್ದು ಈ ದಾರಿಯಲ್ಲೇ, ಇಬ್ಬರೂ 19ರ ಹರೆಯದಲ್ಲಿ. ಚೀನಾದ ಹಾನ್ ಶು 2019ರಲ್ಲಿ ಎರಡನೇ ಸುತ್ತಿನಲ್ಲಿ ನ್ಯೂಯಾರ್ಕಿಗೆ ಹೋದರು. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾಗಳಲ್ಲಿ ಹುಟ್ಟಿ ಬೆಳೆದ ನಮ್ಮ ಕನ್ನಡದ ಮನೆಗಳ ಹೆಣ್ಣುಮಕ್ಕಳಿಗೆ ಈ 20ರ ದಾರಿ ಇಲ್ಲ, ಅವರಿಗೆ 22ರ ನಿಯಮವೇ.

ಆದರೆ ಹತ್ತೊಂಬತ್ತಕ್ಕೆ ಆಯ್ಕೆಯಾದ ಆ ಹುಡುಗಿಯರು ಅದಕ್ಕೂ ಮೊದಲೇ ತಮ್ಮ ದೇಶದ ಗಟ್ಟಿ ಲೀಗುಗಳಲ್ಲಿ ದೊಡ್ಡವರೊಂದಿಗೆ ಆಡಿದವರು. ನಮ್ಮಲ್ಲಿ ಅಂಥ ಲೀಗು ಬೇರೂರಿಲ್ಲ. ಅದಕ್ಕೇ 2025ರ ಋತು ಮುಗಿಯುವ ತನಕ ಭಾರತದಲ್ಲಿ ಆಡಿ ಬೆಳೆದ ಒಬ್ಬಳೂ ಡಬ್ಲ್ಯೂಎನ್‌ಬಿಎ ಪಂದ್ಯಕ್ಕೆ ಇಳಿದಿಲ್ಲ. ತೀರ ಹತ್ತಿರ ಹೋದವರು ಕೊಟ್ಟಾಯಂ ಕಡೆಯ ಗೀತು ಅನ್ನಾ ಜೋಸ್. ದಕ್ಷಿಣ ರೈಲ್ವೆಯ ಉದ್ಯೋಗಿ, ಆರಡಿ ಎರಡಿಂಚು ಎತ್ತರ. 2011ರಲ್ಲಿ ಶಿಕಾಗೊ, ಲಾಸ್ ಏಂಜಲೀಸ್, ಸ್ಯಾನ್ ಆಂಟೋನಿಯೊ ಮೂರೂ ತಂಡಗಳ ಟ್ರಯಲ್ಸಿಗೆ ಹೋದರು. ಒಪ್ಪಂದ ಆಗಲಿಲ್ಲ. ಆಗ ಅವರಿಗೆ ಇಪ್ಪತ್ತೈದು ದಾಟಿತ್ತು. ಅದೇ ಎತ್ತರ, ಅದೇ ಕೈ, ಹದಿನೆಂಟರಲ್ಲಿ ಒಂದು ಒಳ್ಳೆಯ ಕಾಲೇಜು ತಂಡಕ್ಕೆ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ನಾನು ಆಗಾಗ ಯೋಚಿಸುತ್ತೇನೆ.

ರೈಲ್ವೆ ಮತ್ತು ಇಲ್ಲಿನ ಸರ್ಕಾರಿ ಕೆಲಸ

"ರೈಲ್ವೆಗೆ ಹೋದರೆ ಆಟ ಮುಗೀತು" ಎನ್ನುವ ಮಾತು ಬೆಂಗಳೂರಿನ ಖಾಸಗಿ ಅಕಾಡೆಮಿಗಳಲ್ಲಿ ಆಗಾಗ ಕೇಳಿಬರುತ್ತದೆ. ನಾನು ಒಪ್ಪುವುದಿಲ್ಲ. ಭಾರತದ ಮಹಿಳಾ ಬಾಸ್ಕೆಟ್‌ಬಾಲ್ ಇವತ್ತಿಗೂ ನಿಂತಿರುವುದು ರೈಲ್ವೆಯ ಮೇಲೆ. ಸೀನಿಯರ್ ನ್ಯಾಷನಲ್ಸಿನಲ್ಲಿ ಅವರನ್ನು ಸೋಲಿಸುವುದೇ ಉಳಿದ ರಾಜ್ಯಗಳ ಕನಸು. ತಮಿಳುನಾಡಿನ ಅನಿತಾ ಪಾಲ್‌ದುರೈ ದಕ್ಷಿಣ ರೈಲ್ವೆಯಲ್ಲಿದ್ದುಕೊಂಡೇ 2001ರಿಂದ 2017ರವರೆಗೆ ಒಂಬತ್ತು ಏಷ್ಯನ್ ಚಾಂಪಿಯನ್‌ಶಿಪ್ ಆಡಿದರು. ನಡುವೆ ತಾಯಿಯಾಗಿ ಮತ್ತೆ ತಂಡಕ್ಕೆ ಮರಳಿದರು. 2021ರಲ್ಲಿ ಪದ್ಮಶ್ರೀ ಬಂತು. ತಾಯ್ತನದ ನಂತರ ಮರಳುವಾಗ ಅವರ ಬೆನ್ನಿಗೆ ಖಾಯಂ ಕೆಲಸವಿತ್ತು ಎಂಬುದನ್ನು ಮರೆಯಬಾರದು.

ಹಣ ದೊಡ್ಡದಲ್ಲ. ಏಳನೇ ವೇತನ ಆಯೋಗದ ಪ್ರಕಾರ ಎರಡನೇ ಹಂತದ ಮೂಲವೇತನ 19,900 ರೂಪಾಯಿ, ಐದನೇ ಹಂತದ್ದು 29,200. ಇದರ ಮೇಲೆ ಭತ್ಯೆಗಳು. ಯಾವ ಹಂತ ಸಿಗುತ್ತದೆ ಎಂಬುದು ಯಾವ ಮಟ್ಟದ ಪದಕ, ಯಾವ ಮಟ್ಟದ ಭಾಗವಹಿಸುವಿಕೆ ಎಂಬುದರ ಮೇಲೆ ನಿಂತಿದೆ. ಪ್ರಮಾಣಪತ್ರಗಳನ್ನು ಜೂನಿಯರ್ ನ್ಯಾಷನಲ್ಸಿನ ಕಾಲದಿಂದಲೇ ಜೋಡಿಸಿಟ್ಟುಕೊಳ್ಳಿ. ಹುಬ್ಬಳ್ಳಿಯಲ್ಲಿ ಕೇಂದ್ರವಿರುವ ನೈಋತ್ಯ ರೈಲ್ವೆಯ ಸ್ಪೋರ್ಟ್ಸ್ ಕೋಟಾ ಅಧಿಸೂಚನೆಯನ್ನು ಪ್ರತಿ ವರ್ಷ ನೋಡಿ. ಎಲ್ಲ ವರ್ಷವೂ ಮಹಿಳಾ ಬಾಸ್ಕೆಟ್‌ಬಾಲಿಗೆ ಜಾಗ ಇರುತ್ತದೆಂದು ಹೇಳಲಾಗದು. ಅದರಲ್ಲೂ ನಿಮ್ಮ ಹುಡುಗಿ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದವಳು) ಆಗಿದ್ದು, ಅವರಿಗೆ ಗಾರ್ಡ್ ಬೇಕಾಗಿದ್ದರೆ ಮುಂದಿನ ವರ್ಷಕ್ಕೆ ಕಾಯಬೇಕಾಗುತ್ತದೆ.

ಕೆಲಸದ ಜೊತೆಗಿನ ಆಟ ಕೀಳು ಎನ್ನುವವರಿಗೆ ನಾನು ಜಪಾನನ್ನು ತೋರಿಸುತ್ತೇನೆ. 2019ರ ಸೆಪ್ಟೆಂಬರಿನಲ್ಲಿ ನಮ್ಮ ಕಂಠೀರವ ಒಳಾಂಗಣದಲ್ಲಿ ಏಷ್ಯಾ ಕಪ್ ನಡೆದಾಗ ಫೈನಲ್ಲಿನ ದಿನ ನಾನು ಮೇಲಿನ ಸಾಲಿನಲ್ಲಿ ಕೂತಿದ್ದೆ. ಚೀನಾದ ಎತ್ತರದ ಹುಡುಗಿಯರ ನಡುವೆ ಜಪಾನಿನ ಗಿಡ್ಡ ಹುಡುಗಿಯರು ಓಡಿದ ವೇಗ ಇನ್ನೂ ಕಣ್ಣಲ್ಲಿದೆ. 71-68ರಲ್ಲಿ ಗೆದ್ದರು. ಟೂರ್ನಿಯ ಶ್ರೇಷ್ಠ ಆಟಗಾರ್ತಿಯಾದ ನಾಕೊ ಮೊಟೊಹಾಶಿ ಐದೂವರೆ ಅಡಿ ಮೀರದವಳು. ಎರಡು ವರ್ಷದ ಮೇಲೆ ಅದೇ ಜಪಾನ್ ಟೋಕಿಯೊ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದಿತು. ಅವರ ಡಬ್ಲ್ಯೂ ಲೀಗಿನ ತಂಡಗಳ ಬೆನ್ನಿಗಿರುವುದು ಎನಿಯೋಸ್, ಟೊಯೊಟಾ, ಡೆನ್ಸೊ, ಫುಜಿತ್ಸುಗಳಂಥ ಕಂಪನಿಗಳು. ನಮ್ಮ ರೈಲ್ವೆಯ, ಕೇರಳದ ವಿದ್ಯುತ್ ಮಂಡಳಿಯ ಹತ್ತಿರದ ನೆಂಟ ಎನ್ನಬಹುದಾದ ವ್ಯವಸ್ಥೆ ಅದು. ಆದರೆ ಅವರಿಗೆ ತಿಂಗಳುಗಟ್ಟಲೆ ನಡೆಯುವ ಲೀಗ್ ಇದೆ. ನಮ್ಮವರಿಗೆ ವರ್ಷದಲ್ಲಿ ಅಂತರ ರೈಲ್ವೆ, ನ್ಯಾಷನಲ್ಸ್, ಒಂದಿಷ್ಟು ಆಹ್ವಾನಿತ ಟೂರ್ನಿ, ಅಷ್ಟೇ. ಪಂದ್ಯಗಳ ನಡುವೆ ವಾರಗಟ್ಟಲೆ ಬಿಡುವು. ಇಪ್ಪತ್ತೆರಡರ ಹುಡುಗಿಯ ಆಟ ಅಲ್ಲೇ ನಿಂತುಬಿಡುತ್ತದೆ. ರೈಲ್ವೆಯ ದಾರಿಯಲ್ಲಿರುವ ನಿಜವಾದ ಕೊರತೆ ಸಂಬಳವಲ್ಲ, ಪಂದ್ಯ.

ಹೊರದೇಶದ ಕ್ಲಬ್

ಆ ಕೊರತೆ ತುಂಬಲು ಇರುವುದೇ ಈ ಮೂರನೇ ದಾರಿ. ಇದನ್ನು ಮೊದಲ ದಾರಿಯಾಗಿ ನೋಡದೆ ಎರಡನೆಯದಾಗಿ ನೋಡಿದರೆ ಹೆಚ್ಚು ಫಲ. ಗೀತು ಅನ್ನಾ ಜೋಸ್ ಮಾಡಿದ್ದು ಅದನ್ನೇ. 2006ರಲ್ಲಿ ಮೆಲ್ಬರ್ನಿನ ರಿಂಗ್‌ವುಡ್ ಹಾಕ್ಸ್ ಕ್ಲಬ್ಬಿಗೆ ಆಡಲು ಹೋದರು, ಬಿಗ್ ವಿ ಎಂಬ ವಿಕ್ಟೋರಿಯಾ ರಾಜ್ಯದ ಲೀಗಿನಲ್ಲಿ. ಮುಂದೆ ಅದೇ ಕ್ಲಬ್ಬಿಗೆ ಕೇರಳ ವಿದ್ಯುತ್ ಮಂಡಳಿಯ ಜೀನಾ ಸ್ಕರಿಯಾ ಹೋದರು. ಇಬ್ಬರೂ ಇಲ್ಲಿ ಕೆಲಸ ಉಳಿಸಿಕೊಂಡೇ ಅಲ್ಲಿ ಆಡಿದವರು.

ಆಸ್ಟ್ರೇಲಿಯಾದಲ್ಲಿ ಎರಡು ಮಟ್ಟಗಳಿವೆ. 1981ರಲ್ಲಿ ಶುರುವಾದ ಡಬ್ಲ್ಯೂಎನ್‌ಬಿಎಲ್ ಮೇಲಿನದು, ಪೂರ್ಣ ವೃತ್ತಿಪರ, ಅಲ್ಲಿನ ಬೇಸಿಗೆಯಲ್ಲಿ ನಡೆಯುತ್ತದೆ. ಅದರ ಕೆಳಗೆ ಎನ್‌ಬಿಎಲ್ ಒನ್, ಬಿಗ್ ವಿ ಮುಂತಾದವು, ಅಲ್ಲಿನ ಚಳಿಗಾಲದಲ್ಲಿ, ಅಂದರೆ ನಮ್ಮ ಬೇಸಿಗೆ-ಮಳೆಗಾಲದಲ್ಲಿ ನಡೆಯುತ್ತವೆ. ಸೋದರಮಾವ ಹೇಳುವುದು ಈ ಎರಡನೆಯದನ್ನು. ಇದರಲ್ಲಿ ದೊಡ್ಡ ಹಣವಿಲ್ಲ. ಆದರೆ ಪ್ರತಿ ವಾರಾಂತ್ಯ ಮೈಕೈ ತಾಗಿಸಿ ಆಡುವ ಗಟ್ಟಿ ಪಂದ್ಯ ಇದೆ, ಭಾಷೆಯ ತೊಂದರೆ ಇಲ್ಲ, ನೆಂಟರ ಮನೆ ಇದ್ದರೆ ಊಟ-ವಸತಿಯ ಚಿಂತೆಯೂ ಇಲ್ಲ. ಇಪ್ಪತ್ತೊಂದು, ಇಪ್ಪತ್ತೆರಡರ ಹುಡುಗಿಗೆ ಒಂದು ಋತು ಅಲ್ಲಿ ಆಡುವುದು ಇಲ್ಲಿನ ಎರಡು ವರ್ಷಕ್ಕೆ ಸಮ ಎಂದು ನನ್ನ ಅನಿಸಿಕೆ.

ಯುರೋಪಿನ ಕ್ಲಬ್ಬುಗಳದು ಬೇರೆಯೇ ಎತ್ತರ. ಟರ್ಕಿಯ ಫೆನರ್‌ಬಾಚೆ 2023, 2024ರಲ್ಲಿ ಅಲ್ಲಿನ ಕ್ಲಬ್ಬುಗಳ ದೊಡ್ಡ ಟೂರ್ನಿಯಾದ ಯುರೋಲೀಗ್ ಗೆದ್ದಿತು, 2025ರಲ್ಲಿ ಪ್ರಾಗ್‌ನ ಯುಎಸ್‌ಕೆ. ಸ್ಪೇನ್, ಫ್ರಾನ್ಸ್, ಇಟಲಿಗಳಲ್ಲೂ ಒಳ್ಳೆಯ ಲೀಗುಗಳಿವೆ. ಸಂಬಳದ ಜೊತೆ ಮನೆ, ಎಷ್ಟೋ ಕಡೆ ಓಡಾಡಲು ಕಾರು ಕೂಡ ಕೊಡುತ್ತಾರೆ. ಒಂದು ಕಾಲಕ್ಕೆ ಅಮೆರಿಕದ ತಾರೆಯರೇ ಹೊಟ್ಟೆಪಾಡಿಗೆ ಅಲ್ಲಿಗೆ ಹೋಗುತ್ತಿದ್ದರು. ಡಯಾನ ಟೊರಾಸಿಗೆ ರಷ್ಯದ ಎಕಟೆರಿನ್‌ಬರ್ಗ್ ಕ್ಲಬ್ ಎಷ್ಟು ಕೊಡುತ್ತಿತ್ತೆಂದರೆ, 2015ರಲ್ಲಿ ಡಬ್ಲ್ಯೂಎನ್‌ಬಿಎ ಬಿಟ್ಟು ವಿಶ್ರಾಂತಿ ತೆಗೆದುಕೊಳ್ಳಲೆಂದೇ ಅದು ಹಣ ತೆತ್ತಿತು. ಅದೇ ಕ್ಲಬ್ಬಿಗೆ ಆಡಲು ಹೋಗುವಾಗಲೇ 2022ರ ಫೆಬ್ರವರಿಯಲ್ಲಿ ಬ್ರಿಟ್ನಿ ಗ್ರೈನರ್ ಮಾಸ್ಕೊ ವಿಮಾನ ನಿಲ್ದಾಣದಲ್ಲಿ ಬಂಧನಕ್ಕೊಳಗಾಗಿ ಡಿಸೆಂಬರ್ 8ರವರೆಗೆ ಸೆರೆಯಲ್ಲಿದ್ದರು. ಬ್ರಿಯಾನಾ ಸ್ಟೂವರ್ಟ್ 2019ರ ಯುರೋಲೀಗ್ ಫೈನಲ್ಲಿನಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡು ಆ ವರ್ಷದ ಅಮೆರಿಕನ್ ಋತುವನ್ನೇ ಕಳೆದುಕೊಂಡರು. ವರ್ಷವಿಡೀ ಎರಡು ಖಂಡಗಳಲ್ಲಿ ಆಡಿದ ದೇಹ ಕೊಟ್ಟ ಬೆಲೆ ಅದು. ಅದೇ ಸ್ಟೂವರ್ಟ್, ನಫೀಸಾ ಕಾಲಿಯರ್ ಜೊತೆ ಸೇರಿ 2025ರ ಜನವರಿಯಲ್ಲಿ ಮಯಾಮಿಯಲ್ಲಿ ಅನ್‌ರೈವಲ್ಡ್ ಎಂಬ ಮೂರು-ಮೂರು ಜನರ ಲೀಗ್ ಶುರುಮಾಡಿದರು. ಮೊದಲ ವರ್ಷ 36 ಆಟಗಾರ್ತಿಯರು, ಸರಾಸರಿ ಸಂಬಳ ಎರಡು ಲಕ್ಷ ಡಾಲರಿಗೂ ಮಿಗಿಲು. ಚಳಿಗಾಲದಲ್ಲಿ ಮನೆ ಬಿಟ್ಟು ಹೋಗಲೇಬೇಕೆಂಬ ಒತ್ತಡ ಈಗ ಕೆಲವರಿಗಾದರೂ ಕಡಿಮೆಯಾಗಿದೆ.

ನಮ್ಮ ಹುಡುಗಿಗೆ ಯುರೋಪು ಸಿಗುತ್ತದೆಯೇ? ಪ್ರತಿ ತಂಡಕ್ಕೂ ಹೊರದೇಶದವರ ಮಿತಿಯಿದೆ. ಆ ಕೆಲವೇ ಜಾಗಗಳಿಗೆ ಅಮೆರಿಕದ ಕಾಲೇಜು ಮುಗಿಸಿದ ಸಾವಿರಾರು ಹುಡುಗಿಯರು ಸಾಲು ನಿಂತಿರುತ್ತಾರೆ. ಭಾರತದ ಪಾಸ್‌ಪೋರ್ಟಿನವಳು ಆ ಸಾಲಿನಲ್ಲಿ ಕಾಣಿಸಬೇಕಾದರೆ ಅದೇ ಕಾಲೇಜಿನ ಅಂಕಿ-ಅಂಶ, ಅದೇ ವಿಡಿಯೊ ಅವಳ ಬಳಿಯೂ ಇರಬೇಕು. ಮತ್ತೆ ಮೊದಲ ದಾರಿಗೇ ಬಂದು ನಿಂತೆವು.

ಎಲ್ಲಿಗೇ ಹೋದರೂ ಎರಡು ವಿಷಯ ಕಾಗದದ ಮೇಲಿರಲಿ. ಏಜೆಂಟ್ ಫಿಬಾದ, ಅಂದರೆ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟದ, ಪರವಾನಗಿ ಪಡೆದವನೇ ಎಂದು ನೋಡಿ. ಸಂಬಳ ನಿಂತರೆ ದೂರು ಕೊಡಲು ಬಾಸ್ಕೆಟ್‌ಬಾಲ್ ಮಧ್ಯಸ್ಥಿಕೆ ಮಂಡಳಿಯ ಕಲಮು ಒಪ್ಪಂದದಲ್ಲಿ ಇದೆಯೇ ಎಂದು ನೋಡಿ. ಜಿನೀವಾದ ಆ ಮಂಡಳಿ 2007ರಿಂದ ಇಂಥ ಬಾಕಿಗಳನ್ನೇ ಇತ್ಯರ್ಥ ಮಾಡುತ್ತಿದೆ. ಬಾಯಿಮಾತನ್ನು ನಂಬಿ ನಾನು ಪಟ್ಟ ಪಾಡು ಸಾಕು. ನನಗೆ ಪದವಿಯ ಮೊದಲ ವರ್ಷ ಒಂದು ಕಾಲೇಜು "ತಂಡಕ್ಕೆ ಆಡು, ಫೀಸು ಇಲ್ಲ" ಎಂದು ಸೇರಿಸಿಕೊಂಡಿತು. ಎರಡನೇ ವರ್ಷ ಮೊಣಕಾಲಿನ ಲಿಗಮೆಂಟ್ ಹರಿಯಿತು. ಮೂರನೇ ವರ್ಷದ ಫೀಸನ್ನು ಅಪ್ಪ ಸಾಲ ಮಾಡಿ ಕಟ್ಟಿದರು. ತೋರಿಸಲು ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಮೂರು-ಮೂರು ಜನರ ಆಟ

3x3 ಬಗ್ಗೆ ಚಿಕ್ಕದಾಗಿ. ಅರ್ಧ ಕೋರ್ಟು, ಹತ್ತು ನಿಮಿಷ ಅಥವಾ 21 ಅಂಕ, ಚೆಂಡು ಎಸೆಯಲು 12 ಸೆಕೆಂಡು. ಟೋಕಿಯೊದಿಂದ ಒಲಿಂಪಿಕ್ಸಿನಲ್ಲಿದೆ, ಪ್ಯಾರಿಸ್ಸಿನಲ್ಲಿ ಮಹಿಳೆಯರ ಚಿನ್ನ ಜರ್ಮನಿಗೆ ಹೋಯಿತು. ಆರಡಿ ದಾಟದ, ಗಟ್ಟಿಮುಟ್ಟಾದ, ದೂರದಿಂದ ಗುರಿಯಿಟ್ಟು ಎಸೆಯಬಲ್ಲ ಹುಡುಗಿಗೆ ಇದು ಹೇಳಿ ಮಾಡಿಸಿದ್ದು. ಭಾರತಕ್ಕೆ ಒಲಿಂಪಿಕ್ಸ್ ಕನಸು ಕಾಣಲು ಐದು ಜನರ ಆಟಕ್ಕಿಂತ ಇದೇ ಹತ್ತಿರದ ದಾರಿ. ಆದರೆ ಇದೊಂದರಿಂದಲೇ ಬದುಕು ನಡೆಸುತ್ತೇನೆಂದರೆ ಇನ್ನೂ ಕಾಲ ಬಂದಿಲ್ಲ. ಕೆಲಸದ ಅಥವಾ ಓದಿನ ಜೊತೆಗೆ ಇಟ್ಟುಕೊಳ್ಳಿ.

ಮೊಣಕಾಲು, ಮತ್ತು ಮುಂದಿನ ಬದುಕು

ಎಲ್ಲ ದಾರಿಗಳಿಗೂ ಸಮಾನವಾದ ಅಪಾಯ ಮೊಣಕಾಲಿನದು. ಮೊಣಕಾಲಿನ ಒಳಗಿನ ಎಸಿಎಲ್ ಎಂಬ ಲಿಗಮೆಂಟ್ ಹರಿಯುವ ಸಂಭವ ಹುಡುಗರಿಗಿಂತ ಹುಡುಗಿಯರಿಗೆ ಹಲವು ಪಟ್ಟು ಹೆಚ್ಚು. ಹರಿದರೆ ಒಂಬತ್ತು ತಿಂಗಳಿಂದ ಒಂದು ವರ್ಷ ಹೊರಗೆ. ಅಮೆರಿಕದಲ್ಲಿ ಕಾಲೇಜು ತಂಡಕ್ಕೆ ಆಡುತ್ತಿದ್ದ ಪೇಜ್ ಬೆಕರ್ಸ್ 2022ರ ಆಗಸ್ಟಿನಲ್ಲಿ ಹರಿದುಕೊಂಡು ಇಡೀ ಋತು ಕೂತಳು. ಮರಳಿ ಬಂದು 2025ರ ಡ್ರಾಫ್ಟಿನಲ್ಲಿ ಮೊದಲನೆಯವಳಾದಳು. ಅವಳ ಹಿಂದೆ ಒಂದು ವಿಶ್ವವಿದ್ಯಾಲಯದ ಇಡೀ ವೈದ್ಯಕೀಯ ತಂಡವಿತ್ತು. ನನ್ನ ಹಿಂದೆ ಒಬ್ಬ ನಾಟಿ ಎಣ್ಣೆ ತಿಕ್ಕುವವರು ಇದ್ದರು. ಆದ್ದರಿಂದ ಯಾವ ಆಯ್ಕೆ ಬಂದರೂ "ಗಾಯವಾದರೆ ಶಸ್ತ್ರಚಿಕಿತ್ಸೆಯ ಖರ್ಚು ಯಾರದು, ಆ ವರ್ಷ ನನ್ನ ಜಾಗ ಇರುತ್ತದೆಯೇ" ಎಂದು ಮೊದಲ ದಿನವೇ ಕೇಳಿ. ಇದರ ಜೊತೆಗೆ ಈಗಿನಿಂದಲೇ ನೆಗೆದು ಸರಿಯಾಗಿ ಇಳಿಯುವುದನ್ನು, ತೊಡೆಯ ಹಿಂಭಾಗದ ಬಲವನ್ನು ವಾರಕ್ಕೆ ಮೂರು ದಿನ ಅಭ್ಯಾಸ ಮಾಡಿಸಿ. ಹದಿನೈದು ನಿಮಿಷದ ಈ ಕೆಲಸವನ್ನು ತಪ್ಪಿಸುವ ತರಬೇತುದಾರರ ಹತ್ತಿರ ಮಕ್ಕಳನ್ನು ಬಿಡಬೇಡಿ.

ತಾಯ್ತನದ ವಿಷಯ ಎತ್ತಿದರೆ ಹುಡುಗಿಯರ ತಂದೆಯರು ಮಾತು ಬದಲಿಸುತ್ತಾರೆ, ಆದರೆ ವೃತ್ತಿಯೆಂದ ಮೇಲೆ ಅದೂ ಲೆಕ್ಕಕ್ಕೆ ಬರಬೇಕು. ಡಬ್ಲ್ಯೂಎನ್‌ಬಿಎ 2020ರ ಒಪ್ಪಂದದಲ್ಲಿ ಹೆರಿಗೆ ರಜೆಗೆ ಪೂರ್ಣ ಸಂಬಳ ಕೊಟ್ಟಿತು. ನಮ್ಮ ರೈಲ್ವೆಯಲ್ಲಿ ಸರ್ಕಾರಿ ನೌಕರಳಿಗೆ 180 ದಿನಗಳ ಹೆರಿಗೆ ರಜೆ 2008ರಿಂದಲೇ ಇದೆ. ಒಂದು ಋತುವಿಗೆ ಮಾತ್ರ ಕರೆಸಿಕೊಳ್ಳುವ ಹೊರದೇಶದ ಸಣ್ಣ ಕ್ಲಬ್ಬಿನಲ್ಲಿ ಈ ಮಾತಿಗೆ ಆಧಾರವೇ ಇರುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಓದಿನಲ್ಲಿ ಪರವಾಗಿಲ್ಲ, ರಾಜ್ಯ ತಂಡದ ಮಟ್ಟದ ಆಟವಿದೆ, ಎತ್ತರವಿದೆ ಅಥವಾ ಎತ್ತರವಿಲ್ಲದಿದ್ದರೂ ಚೆಂಡಿನ ಮೇಲೆ ಅಪರೂಪದ ಹಿಡಿತವಿದೆ ಎಂದಾದರೆ ಒಂಬತ್ತು, ಹತ್ತನೇ ತರಗತಿಯಿಂದಲೇ ಅಮೆರಿಕದ ಕಾಲೇಜಿಗೆ ಸಿದ್ಧಮಾಡಿ. ಸಿಗದಿದ್ದರೆ ನಷ್ಟವಿಲ್ಲ. ಅದಕ್ಕಾಗಿ ಮಾಡಿದ ಸಿದ್ಧತೆ ರೈಲ್ವೆಯ ಟ್ರಯಲ್ಸಿನಲ್ಲೂ ಕೆಲಸಕ್ಕೆ ಬರುತ್ತದೆ. ಆದರೆ ರೈಲ್ವೆ ಸೇರಿದ ಮೇಲೆ ಎನ್‌ಸಿಎಎ ಎಂದರೆ ಆಗದು.

ಮನೆಯ ಸ್ಥಿತಿ ಕಷ್ಟದಲ್ಲಿದ್ದು ಇಪ್ಪತ್ತಕ್ಕೆ ಸಂಬಳ ಬರಲೇಬೇಕು ಎಂಬ ಹುಡುಗಿಗೆ ನಾನು ಅಮೆರಿಕದ ಕನಸು ತುಂಬುವುದಿಲ್ಲ. ಸ್ಪೋರ್ಟ್ಸ್ ಹಾಸ್ಟೆಲ್, ಜೂನಿಯರ್ ನ್ಯಾಷನಲ್ಸ್, ವಿಶ್ವವಿದ್ಯಾಲಯದ ತಂಡ, ರೈಲ್ವೆ. ಕೆಲಸ ಖಾಯಂ ಆದ ಮೇಲೆ ಅನುಮತಿ ಪಡೆದು ಆಸ್ಟ್ರೇಲಿಯಾದಲ್ಲಿ ಒಂದು ಋತು. ಇದು ಗೀತು ನಡೆದ ದಾರಿ, ಗೌರವದ ದಾರಿ. 2014ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂದದ್ದು ಇದೇ ದಾರಿಯಲ್ಲಿ.

ಪಿಯುಸಿ ಮುಗಿದು ವರ್ಷಗಳಾದವಳು, ಈಗ ಪದವಿಯಲ್ಲಿದ್ದಾಳೆ, ಆಟ ಈಚೆಗಷ್ಟೇ ಅರಳಿದೆ ಎಂದಾದರೆ ಮೊದಲ ಬಾಗಿಲನ್ನು ಮರೆತು, 25ರೊಳಗೆ ರೈಲ್ವೆ ಅಥವಾ ಬೇರೆ ಇಲಾಖೆ ಹಿಡಿಯಲಿ. ಜೊತೆಗೆ 3x3 ಆಡಲಿ.

ಕಟ್ಟೆಯ ಮೇಲೆ ಕೂತಿದ್ದ ಆ ತಾಯಿಗೆ ನಾನು ಮೂರು ಕೆಲಸ ಹೇಳಿ ಕಳಿಸಿದ್ದೆ: ಒಂಬತ್ತನೇ ತರಗತಿಯ ಅಂಕಪಟ್ಟಿ ಶಾಲೆಯಿಂದ ತರುವುದು, ಪಾಸ್‌ಪೋರ್ಟ್ ಮಾಡಿಸುವುದು, ಮುಂದಿನ ಟೂರ್ನಿಯಲ್ಲಿ ಎರಡು ಪಂದ್ಯವನ್ನು ಮಧ್ಯದ ಗೆರೆಯ ನೇರಕ್ಕೆ, ಎತ್ತರದಿಂದ ಪೂರ್ತಿ ಚಿತ್ರೀಕರಿಸುವುದು. ಬುಟ್ಟಿಗೆ ಬಿದ್ದ ಚೆಂಡುಗಳನ್ನಷ್ಟೇ ಕತ್ತರಿಸಿ ಅಂಟಿಸಿದ ವಿಡಿಯೊ ಬೇಡ, ಚೆಂಡು ಕೈಯಲ್ಲಿಲ್ಲದಾಗ ಹುಡುಗಿ ಏನು ಮಾಡುತ್ತಾಳೆಂದು ತರಬೇತುದಾರರು ನೋಡುತ್ತಾರೆ ಎಂದೂ ಹೇಳಿದ್ದೆ. ಮೊನ್ನೆ ಅಂಕಪಟ್ಟಿ ಸಿಕ್ಕಿದೆ ಎಂದು ಫೋನು ಮಾಡಿದ್ದರು. ಪಕ್ಕದಲ್ಲೇ ಯಜಮಾನರೂ ಇದ್ದರು. "ರೈಲ್ವೆ ಅರ್ಜಿ ಹಾಕೋಕೆ ಇವಳಿಗೆ ಇನ್ನೂ ಎರಡು ವರ್ಷ ತುಂಬ್ಬೇಕಲ್ವ ಮೇಡಂ?" ಅಂದರು. ಹೌದು, ಅಲ್ಲಿಂದ ಮುಂದೆ ಏಳು ವರ್ಷ ಅದು ತೆರೆದೇ ಇರುತ್ತದೆ ಅಂದೆ.